ತೊಳೆದು ಬಂದ ಬಟ್ಟಲುಗಳು

"ನಲವತ್ತು ಅಂದ್ರೆ ನಲವತ್ತು. ಒಂದು ಕಡಿಮೆ ಆದ್ರೂ ಅಮ್ಮ ಅಲ್ಲಿ ಯಾರ ಮುಂದೆ ಕೈ ಒಡ್ಬೇಕು ಹೇಳು," ಎಂದಳು ಅಗ್ರಿಪಿನಾ, ಫೋನಿನೊಳಗಿಂದ.

ಸಾಂದಾ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕೈಯಲ್ಲಿದ್ದ ಬಟ್ಟಲನ್ನು ಬೋರಲು ಮಾಡಿದಳು. ಬಿಳಿಯ ಪಿಂಗಾಣಿ, ಅಂಚಿಗೊಂದು ನೀಲಿ ಗೆರೆ. ತಳಕ್ಕೆ ಅಂಟಿಸಿದ್ದ ಚೀಟಿಯನ್ನು ಮೂರನೆಯ ಸಲ ಓದಿದಳು. ಎಷ್ಟು ಸಲ ಓದಿದರೂ ಅದೇ ಬೆಲೆ.

"ಅಕ್ಕಾ, ಒಂದು ಬಟ್ಟಲಿಗೆ ಮೂರು ಯೂರೋ ಇಪ್ಪತ್ತು ಸೆಂಟು. ಇಲ್ಲಿ ಇದಕ್ಕಿಂತ ಅಗ್ಗದ್ದು ನಾಯಿಗೆ ಅನ್ನ ಹಾಕೋ ಬಟ್ಟಲು."

"ನನಗ್ಯಾಕೆ ಹೇಳ್ತೀಯ? ಯೂರೋ ಎಣಿಸೋರು ನೀವು. ನಾವು ಇಲ್ಲಿ ನಮ್ಮೂರ ಲೇ ಕಾಸು ಎಣಿಸ್ಕೊಂಡಿರೋ ಜನ." ಅಗ್ರಿಪಿನಾ ಯಾವಾಗಲೂ ಹೇಳುವುದನ್ನು ಹೇಳಿದಳು. "ಮಣ್ಣು ಮಾಡಿದ್ದು ನಾನು. ಒಂಬತ್ತನೇ ದಿನದ್ದು ನಂದು, ನಲವತ್ತನೇ ದಿನದ್ದು ನಂದು, ಆರು ತಿಂಗಳದ್ದೂ ನಂದೇ. ವರ್ಷದ್ದು ನಾನು ಮಾಡ್ತೀನಿ ಅಂತ ಬಾಯಿಬಿಟ್ಟಿದ್ದು ನೀನು. ನಾನೇನು ಕೇಳಿದ್ನಾ?"

ಕೇಳಿರಲಿಲ್ಲ, ನಿಜ. ಹೋದ ವರ್ಷ ಇದೇ ಫೆಬ್ರವರಿಯಲ್ಲಿ ಅಮ್ಮ ತೀರಿಕೊಂಡಾಗ ಸಾಂದಾ ಮತ್ತು ಗಂಡ ಕೋಸ್ತಿಕಾ ರೊಮೇನಿಯಾದ ವಾಸ್ಲುಯಿ ಕಡೆಯ ತಮ್ಮ ಹಳ್ಳಿ ಬಿಟ್ಟು ಇಟಲಿಯ ತೊರೀನೊಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ಕೈಯಲ್ಲಿದ್ದ ಗಂಟೆಲ್ಲ ಮನೆಯ ಮುಂಗಡಕ್ಕೆ ಕರಗಿತ್ತು. ಆಫೀಸುಗಳ ನೆಲ ಒರೆಸುವ ಕೆಲಸಕ್ಕೆ ಸೇರಿ ಹನ್ನೊಂದನೇ ದಿನ. ಊರಿಗೆ ಬಸ್ಸಿನಲ್ಲಿ ಹೋಗಲು ಎರಡು ದಿನ, ಬರಲು ಎರಡು ದಿನ. ಹೋದವಳು ವಾಪಸ್ಸು ಬರುವ ಹೊತ್ತಿಗೆ ಆ ನೆಲ ಬೇರೆಯವರು ಒರೆಸುತ್ತಿರುತ್ತಾರೆ ಎಂದು ಮೇಲ್ವಿಚಾರಕಿ ನಯವಾಗಿಯೇ ಹೇಳಿದ್ದಳು. ಹೀಗಾಗಿ ಅಮ್ಮನ ಮಣ್ಣನ್ನು ಅವಳು ಅಕ್ಕನ ಮಗಳು ಹಿಡಿದ ಫೋನಿನಲ್ಲಿ ನೋಡಿದಳು. ಪೆಟ್ಟಿಗೆ ಇಳಿಸುವ ಹೊತ್ತಿಗೆ ಸರಿಯಾಗಿ ಚಿತ್ರ ಹೆಪ್ಪುಗಟ್ಟಿ ನಿಂತುಬಿಟ್ಟಿತು. ಮತ್ತೆ ಅಲುಗಾಡಿದಾಗ ಜನ ಕೈ ತೊಳೆಯುತ್ತಿದ್ದರು.

"ಅಪೊಸ್ತಲರು ಎಷ್ಟು ಜನ ಅಕ್ಕಾ?"

"ಹನ್ನೆರಡು. ಯಾಕೆ?"

"ಆ ಲೆಕ್ಕ ಯೇಸುಸ್ವಾಮಿಗೇ ಸಾಕಾಯ್ತು, ಅಮ್ಮನಿಗೆ ಸಾಲಲ್ವಾ?"

ಆ ಕಡೆ ಕೋಳಿ ಕೂಗಿದ್ದು ಕೇಳಿಸಿತು. ಅಗ್ರಿಪಿನಾ ಯೋಚಿಸುತ್ತಿದ್ದಳು.

"ಇಟಲಿಗೆ ಹೋಗಿ ಏನು ಕಲಿತ್ಯೋ ಬಿಟ್ಯೋ, ನಾಲಿಗೆ ಮಾತ್ರ ಚೂಪಾಗಿದೆ. ಆಗ್ಲಿ, ಹನ್ನೆರಡು. ಆದ್ರೆ ಚರ್ಚಲ್ಲಿ ಹಂಚಿ ಕೈ ತೊಳ್ಕೋಬೇಡ. ಅಲ್ಲಿ ಬರೋರೆಲ್ಲ ಅವರವರ ಬುಟ್ಟಿ ತಂದಿರ್ತಾರೆ, ನೀನು ಅವರಿಗೆ ಕೊಡೋದು, ಅವರು ನಿನಗೆ ಕೊಡೋದು, ಅದು ಬರೀ ಅದಲುಬದಲು. ನೆರೆಹೊರೆಗೆ ಕೊಡ್ಬೇಕು. ಅಮ್ಮ ಬೇಲಿ ಮೇಲಿಂದ ಕೈಗೆ ಕೈ ಕೊಡ್ತಿದ್ಲು, ನೆನಪಿದೆ ತಾನೆ? ಶನಿವಾರ, ಮಧ್ಯಾಹ್ನದ ಒಳಗೆ."

ನೆನಪಿಲ್ಲದೆ ಏನು? ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಸೇರಿಸಿ ಬಟ್ಟಲಿಗೆ ತುಂಬಬೇಕು. ಮೇಲೆ ಜಡೆಯ ಹಾಗೆ ಹೆಣೆದ ಬ್ರೆಡ್ಡು, ಅದರಲ್ಲಿ ನೆಟ್ಟ ಮೇಣದ ಬತ್ತಿ, ಪಕ್ಕದಲ್ಲೊಂದು ಚಮಚ. ಹೋದವರ ಹೆಸರು ಹೇಳಿ ಬತ್ತಿ ಹಚ್ಚಿ ಕೊಡುವುದು. ತೆಗೆದುಕೊಂಡವರು ಉಪಕಾರವಾಯ್ತು ಅನ್ನುವ ಹಾಗಿಲ್ಲ, 'ದೇವರು ಅವರನ್ನು ಮನ್ನಿಸಲಿ' ಅನ್ನಬೇಕು. ಇದೇ ಪೊಮಾನಾ. ಇಲ್ಲಿ ಕೊಟ್ಟದ್ದು ಅಲ್ಲಿ ಸಿಗುತ್ತದೆ: ಬ್ರೆಡ್ಡು ಕೊಟ್ಟರೆ ಬ್ರೆಡ್ಡು, ಬತ್ತಿ ಕೊಟ್ಟರೆ ಬೆಳಕು, ಬಟ್ಟಲು ಕೊಟ್ಟರೆ ಉಣ್ಣಲೊಂದು ಬಟ್ಟಲು. ಅದಕ್ಕೇ ಬಟ್ಟಲು ಕೊಟ್ಟ ಮನೆಯಲ್ಲೇ ಉಳಿಯಬೇಕು. ಅಮ್ಮನ ಅಡುಗೆಮನೆಯ ಹಲಗೆಯ ತುಂಬ ಊರಿನ ಸತ್ತವರೇ ಸಾಲಾಗಿ ಕೂತಿದ್ದರು. 'ಅದು ಸವೇತಾಳ ಬಟ್ಟಲು, ಅದ್ರಲ್ಲಿ ಹುಳಿ ಹಾಕ್ಬೇಡ. ನಿಕಿತಾ ಮಾವನ ಬಟ್ಟಲು ತಾ, ಮೊಟ್ಟೆ ಒಡೀಬೇಕು.' ಸಾಂದಾ ಎಷ್ಟೋ ಜನರನ್ನು ಅವರ ಮುಖಕ್ಕಿಂತ ಚೆನ್ನಾಗಿ ಅವರ ಬಟ್ಟಲಿಂದ ಬಲ್ಲಳು.

ಹನ್ನೆರಡನ್ನು ತಳ್ಳುಗಾಡಿಗೆ ಇಟ್ಟುಕೊಂಡು ಅಕ್ರೋಟಿನ ಸಾಲಿಗೆ ಹೋದಳು. ಊರಿನಲ್ಲಿ ಅಮ್ಮನ ಬಾವಿಯ ಪಕ್ಕ ಅಕ್ರೋಟು ಮರವಿತ್ತು. ಅಕ್ಟೋಬರಿನಲ್ಲಿ ನಡೆಯುವಾಗ ಕಾಲಿಗೆ ಚುಚ್ಚುತ್ತವೆ ಎಂದು ಬೈದುಕೊಂಡು ಗುಡಿಸಿ ಮೂಟೆ ಕಟ್ಟುತ್ತಿದ್ದರು. ಈ ಸಲದ ಮೂಟೆ ಕಳಿಸು ಎಂದರೆ, "ನೀನು ಮೊದಲೇ ಹೇಳ್ಬಾರ್ದಾ, ವ್ಯಾಪಾರಿ ಬಂದ, ಕೊಟ್ಟುಬಿಟ್ಟೆ," ಎಂದಿದ್ದಳು ಅಕ್ಕ. ಇಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಪೊಟ್ಟಣಕ್ಕೆ ನಾಲ್ಕೂವರೆ ಯೂರೋ. ಹಿಂದೆ ತಿರುಗಿಸಿದರೆ ಸಣ್ಣಕ್ಷರದಲ್ಲಿ: ಬೆಳೆದ ದೇಶ, ರೊಮೇನಿಯಾ. ಸಾಂದಾ ಅದನ್ನೇ ನೋಡುತ್ತ ನಿಂತಳು. ಅಮ್ಮನ ಮರದ್ದೇ ಇರಬಹುದು, ಯಾರು ಕಂಡರು. ಹಿತ್ತಲಲ್ಲಿ ಬಿದ್ದದ್ದು ತನಗಿಂತ ನೆಟ್ಟಗೆ ಇಲ್ಲಿಗೆ ಬಂದು ತನಗಿಂತ ಹೆಚ್ಚು ಬೆಲೆಗೆ ಕೂತಿತ್ತು. ಮೂರು ಪೊಟ್ಟಣ ತೆಗೆದುಕೊಂಡಳು. ಎರಡು ಹೆಜ್ಜೆ ಹೋಗಿ ಒಂದನ್ನು ವಾಪಸ್ಸಿಟ್ಟಳು.

ದುಡ್ಡು ಕಟ್ಟುವ ಕಡೆ ಕೂತ ಹುಡುಗಿಯನ್ನು ಕೇಳಿಯೇಬಿಟ್ಟಳು. "ಹನ್ನೆರಡು ಬಟ್ಟಲು ತಗೊಳ್ತಿದೀನಿ. ಏನಾದ್ರೂ ಕಡಿಮೆ ಮಾಡ್ತೀರಾ?"

"ಕಾರ್ಡ್ ಇದೆಯಾ? ಪಾಯಿಂಟು ಬರುತ್ತೆ."

"ಪಾಯಿಂಟಲ್ಲಿ ಏನು ಸಿಗುತ್ತೆ?"

ಹುಡುಗಿ ಹಿಂದಿನ ಗೋಡೆಯ ಚಿತ್ರ ನೋಡಿ ಹೇಳಿದಳು. "ಬಟ್ಟಲು. ಆದ್ರೆ ಅದಕ್ಕೆ ನಾನೂರು ಪಾಯಿಂಟು ಬೇಕು. ಇದಕ್ಕೆ ನಲವತ್ತು ಬರುತ್ತೆ."

*

ಅವರ ಕಟ್ಟಡದಲ್ಲಿ ನಾಲ್ಕು ಅಂತಸ್ತು, ಅಂತಸ್ತಿಗೆ ಮೂರರಂತೆ ಹನ್ನೆರಡು ಬಾಗಿಲು. ಎಲ್ಲಕ್ಕಿಂತ ಮೇಲೆ, ಸೂರಿಗೆ ತಲೆ ತಾಗುವಲ್ಲಿ ಇವರ ಎರಡು ಕೋಣೆ. ಲಿಫ್ಟಿಲ್ಲ. ಊರಲ್ಲಿ ಬೆಲೆಯೇ ಇಲ್ಲದ ಸಂಗತಿಗಳಿಗೆಲ್ಲ ಇಲ್ಲಿ ಬೆಲೆಯಿತ್ತು: ನೀರಿಗೆ, ಕಸಕ್ಕೆ, ಮೆಟ್ಟಿಲ ಮೇಲೆ ಬೀಳುವ ಬೆಳಕಿಗೆ. "ಬಿಸಾಡೋಕೂ ಕಾಸು ಕೇಳೋ ದೇಶ ಇದು," ಎಂದು ಕೋಸ್ತಿಕಾ ಮೊದಲ ಕಸದ ಬಿಲ್ಲನ್ನು ಫೋಟೊ ತೆಗೆದು ಅಣ್ಣನಿಗೆ ಕಳಿಸಿದ್ದ. ಅಣ್ಣ, 'ಅಷ್ಟೊಂದು ಬಿಸಾಡೋ ಹಂಗೆ ಆಗಿದೀರಾ, ಭೇಷ್' ಎಂದು ಉತ್ತರ ಬರೆದಿದ್ದ.

ಗೋಡೆಯ ಹೀಟರುಗಳಿಗೂ ಒಂದೊಂದು ಪುಟ್ಟ ಮೀಟರು ಅಂಟಿಸಿದ್ದರು. ಹೋದ ಚಳಿಗಾಲದ ಬಿಲ್ಲು ಬಂದ ಮೇಲೆ ಇವರು ಅವನ್ನು ಮುಚ್ಚಿಬಿಟ್ಟಿದ್ದರು. ಮನೆಯಲ್ಲಿ ಕೋಟು ಹಾಕಿಕೊಂಡೇ ಓಡಾಡುತ್ತಿದ್ದರು. ಕೋಟಿಗೆ ಒಗ್ಗಿಕೊಳ್ಳಬಹುದು. ಬ್ರೆಡ್ಡಿನ ಹಿಟ್ಟಿಗೆ ಮಾತ್ರ ಒಗ್ಗಲಿಲ್ಲ. ಶುಕ್ರವಾರ ಮಧ್ಯಾಹ್ನ ಕೆಲಸದಿಂದ ಬಂದವಳೇ ಸಾಂದಾ ಹಿಟ್ಟು ನಾದಿ, ಟವೆಲು ಹೊದಿಸಿ ಇಟ್ಟಳು. ಒಂದೂವರೆ ಗಂಟೆ ಬಿಟ್ಟು ನೋಡಿದರೆ ಇಟ್ಟದ್ದು ಇಟ್ಟ ಹಾಗೇ, ಕಲ್ಲಿನಂತೆ ಕೂತಿತ್ತು.

"ಅದಕ್ಕೂ ಚಳಿ ಕಣೇ," ಎಂದ ಕೋಸ್ತಿಕಾ. ಎಲ್ಲಿಂದಲೋ ಹೊತ್ತು ತಂದಿದ್ದ ಹಳೆಯ ಕರೆಂಟ್ ಹೀಟರನ್ನು ಹಿಟ್ಟಿನ ಪಕ್ಕಕ್ಕಿಟ್ಟು, ಮಗುವಿಗೆ ಹಿಡಿಯುವಂತೆ ಅಂಗೈ ಹಿಡಿದು ಕಾವು ನೋಡಿದ. ಹಿಟ್ಟು ನಿಜಕ್ಕೂ ಉಬ್ಬತೊಡಗಿತು. ಸಾಂದಾ ಮೊದಲ ನಾಲ್ಕು ಜಡೆ ಹೆಣೆದು ಓವನ್ನಿಗೆ ಹಾಕಿದ್ದೇ ತಡ, ಟಪ್ ಎಂದು ಮನೆಯೆಲ್ಲ ಆರಿಹೋಯಿತು.

ಮೀಟರು ನೆಲಮಾಳಿಗೆಯಲ್ಲಿ. ನೆಲಮಾಳಿಗೆಯ ಬೀಗದ ಕೈ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನ ಎರ್ಸಿಲಿಯಾಳ ಬಳಿ. ಎಪ್ಪತ್ತೆಂಟು ವರ್ಷದ ಆಕೆ ಗಂಡ ಹೋದ ಮೇಲೆ ಆ ಕಟ್ಟಡವನ್ನೇ ಸಾಕುತ್ತಿದ್ದಳು. ಯಾರು ಹಸಿ ಕಸದ ಕಂದು ಚೀಲದಲ್ಲಿ ಪ್ಲಾಸ್ಟಿಕ್ ಹಾಕಿದರು, ಯಾರು ಬಾಲ್ಕನಿಯಿಂದ ಚಾಪೆ ಕೊಡವಿದರು ಎಂಬುದೆಲ್ಲ ಆಕೆಯ ಕಣ್ಣಳತೆಯಲ್ಲಿತ್ತು. ಬಂದ ಮೊದಲ ವಾರವೇ ಸಾಂದಾಳ ಕಸದ ಚೀಲವನ್ನು ಮೇಲಕ್ಕೆ ವಾಪಸ್ಸು ಕಳಿಸಿದ್ದಳು.

"ಮತ್ತೆ ಏನಾಯ್ತು, ಮೇಲಿನ ಸಿನ್ಯೋರಾ?" ಎನ್ನುತ್ತಲೇ ಬಾಗಿಲು ತೆರೆದ ಎರ್ಸಿಲಿಯಾ, ಒಳಗೆ ಮೊಳೆಗೆ ತೂಗುಹಾಕಿದ್ದ ಬೀಗದ ಕೈ ತೆಗೆದುಕೊಟ್ಟಳು.

ಸಾಂದಾ ಇಳಿದು ಮೀಟರಿನ ಗುಂಡಿ ಎತ್ತಿ, ಐದು ಅಂತಸ್ತು ಹತ್ತಿ ಬಂದಳು. ಹೀಟರು ಆರಿಸಿ ಓವನ್ನು ಹಚ್ಚಿದರೆ ಹಿಟ್ಟು ಕುಸಿಯಿತು. ಹಿಟ್ಟಿಗಾಗಿ ಹೀಟರು ಹಚ್ಚಿದರೆ ಓವನ್ನು ಆರಿತು. ಎರಡನೆಯ ಸಲ ಇಳಿದಳು. ಹತ್ತಿದಳು. ಕೋಸ್ತಿಕಾ ಪಾಪ, ಕೈಗೆ ಅಂಟಿದ ಗಾರೆ ತೊಳೆಯೋಣವೆಂದು ಬಿಸಿನೀರಿನ ಬಾಯ್ಲರು ಹಾಕಿದ. ಟಪ್.

"ಇದೇನು ಬೇಕರಿ ಇಟ್ಟಿದೀರಾ ಮೇಲೆ?" ಎಂದಳು ಎರ್ಸಿಲಿಯಾ ಮೂರನೆಯ ಸಲ. "ಮೂರು ಕಿಲೋವ್ಯಾಟ್ ಅಂದ್ರೆ ಮೂರೇ. ಓವನ್ ಹಾಕಿದ್ರೆ ಬಾಯ್ಲರ್ ಆರಿಸ್ಬೇಕು, ಬಾಯ್ಲರ್ ಹಾಕಿದ್ರೆ ಮಷೀನು ನಿಲ್ಲಿಸ್ಬೇಕು. ನಲವತ್ತು ವರ್ಷದಿಂದ ಹೀಗೇ ಬದುಕಿದೀವಿ, ಯಾರೂ ಸತ್ತಿಲ್ಲ. ಜಾಸ್ತಿ ಬೇಕಾದ್ರೆ ಕರೆಂಟಿನವರಿಗೆ ಬರೆದುಕೊಟ್ಟು ಜಾಸ್ತಿ ಕಟ್ಟಿ."

ಯಾರೂ ಸತ್ತಿಲ್ಲ ಎಂಬ ಮಾತು ಸಾಂದಾಳಿಗೆ ಚುಚ್ಚಿತು. ಉತ್ತರ ನಾಲಿಗೆಯ ತುದಿಯಲ್ಲಿತ್ತು, ಆದರೆ ರೊಮೇನಿಯನ್ನಿನಲ್ಲಿ. ಇಟಾಲಿಯನ್ನಿನಲ್ಲಿ ಬಂದದ್ದು, "ಕ್ಷಮಿಸಿ."

"ಬರೆದುಕೊಟ್ಟುಬಿಡೋಣ ಬಿಡು," ಎಂದ ಕೋಸ್ತಿಕಾ, ಅವಳು ಏದುಸಿರು ಬಿಡುತ್ತ ಬಂದಾಗ.

"ಒಂದು ದಿನದ ಬ್ರೆಡ್ಡಿಗೆ ಜೀವಮಾನವೆಲ್ಲ ತಿಂಗಳು ತಿಂಗಳು ಕಟ್ಟೋಣವಾ?" ಸಾಂದಾ ಕುಸಿದ ಹಿಟ್ಟನ್ನು ಹಲಗೆಯ ಮೇಲೆ ಎತ್ತಿ ಕುಕ್ಕಿದಳು. "ಊರಲ್ಲಿ ಒಲೆಗೆ ಎರಡು ಕಟ್ಟಿಗೆ ಜಾಸ್ತಿ ಹಾಕಿದ್ರೆ ಯಾವನಪ್ಪ ಕೇಳ್ತಿದ್ದ? ಇಲ್ಲಿ ಹೀಟರ್ ಮುಚ್ಚಿ ಉಳಿಸಿದ್ದು ಓವನ್ನಲ್ಲಿ ಹೋಯ್ತು, ಓವನ್ನಲ್ಲಿ ಉಳಿಸಿದ್ದು ನನ್ನ ಮಂಡಿಯಲ್ಲಿ ಹೋಯ್ತು. ಹುಳುಕು ಹಲ್ಲಿನ ಹಾಗೆ, ಎಲ್ಲಿ ಮುಟ್ಟಿದ್ರೂ ನೋವೇ."

ಕೋಸ್ತಿಕಾ ಕೋಟು ಬಿಚ್ಚಿ ಹಿಟ್ಟಿನ ಪಾತ್ರೆಗೆ ಸುತ್ತಿ, ಅದನ್ನು ಹೊಟ್ಟೆಗೆ ಅವುಚಿಕೊಂಡು ಕಂಬಳಿ ಹೊದ್ದು ಕೂತ. ಹಿಟ್ಟು ಉಬ್ಬಿತು. ಎಂಟು ಗಂಟೆಯ ಹೊತ್ತಿಗೆ ಹನ್ನೆರಡು ಜಡೆಗಳು ಸಾಲಾಗಿ ಮಲಗಿದವು. ಎರಡು ಒಂದು ಕಡೆ ವಾಲಿದ್ದವು, ಒಂದು ತುಸು ಕಪ್ಪು.

"ಅಮ್ಮನ ಒಲೆಯಲ್ಲೂ ಒಂದು ಕಪ್ಪಾಗ್ತಿತ್ತು," ಎಂದ ಕೋಸ್ತಿಕಾ. ಅದು ಸುಳ್ಳು. ಆದರೂ ಸಾಂದಾಳಿಗೆ ಹಿತವಾಯಿತು.

*

ಶನಿವಾರ ಬೆಳಗಿನ ಪೂಜೆಯಲ್ಲಿ ಪಾದ್ರಿ ಅಮ್ಮನ ಹೆಸರು ಓದಿ, ಗೋಧಿಯ ಮೇಲೆ ದ್ರಾಕ್ಷಾರಸ ಚಿಮುಕಿಸಿ ಕಳಿಸಿದರು. ಹತ್ತೂವರೆಗೆ ಸಾಂದಾ ಮನೆಯಲ್ಲಿದ್ದಳು. ತಲೆಗೆ ಕಪ್ಪು ಸ್ಕಾರ್ಫು ಕಟ್ಟಿಕೊಂಡು, ಮೇಲಿನಿಂದ ಶುರುಮಾಡಿದಳು. ಹಿಂದೆ ಕೋಸ್ತಿಕಾ, ತಟ್ಟೆ ಹೊತ್ತು.

ನಾಲ್ಕನೆಯ ಅಂತಸ್ತಿನ ಮೊದಲ ಬಾಗಿಲು ತೆರೆದದ್ದು ಓದುವ ಹುಡುಗನೊಬ್ಬ. ಉರಿಯುವ ಬತ್ತಿ ನೋಡಿ, "ಯಾರದ್ದಾದ್ರೂ ಹುಟ್ಟುಹಬ್ಬನಾ?" ಎಂದ.

"ನನ್ನ ಅಮ್ಮ. ಒಂದು ವರ್ಷ," ಎಂದಳು ಸಾಂದಾ. ಅವಳ ಇಟಾಲಿಯನ್ ಭಾಷೆ ನೆಲ ಒರೆಸುವ ಕೆಲಸಕ್ಕೆ ಸಾಕಿತ್ತು, ಸತ್ತವರ ಕೆಲಸಕ್ಕೆ ಸಾಲುತ್ತಿರಲಿಲ್ಲ.

"ಓ, ಅಭಿನಂದನೆ," ಎಂದು ಹುಡುಗ ಬತ್ತಿ ಊದಿ ಆರಿಸಿ ಬಟ್ಟಲು ತೆಗೆದುಕೊಂಡ.

ಪಕ್ಕದ ಬಾಗಿಲಿನಲ್ಲಿ ಯಾರೂ ಇರಲಿಲ್ಲ. ಅದರ ಪಕ್ಕದಲ್ಲಿ, ಬಾಗಿಲ ಇಣುಕುಗಂಡಿ ಯಾರದೋ ಕಣ್ಣಿಗೆ ಕತ್ತಲಾಗಿ ಮತ್ತೆ ಬೆಳಕಾಯಿತು, ಬಾಗಿಲು ತೆರೆಯಲಿಲ್ಲ. "ನಮಗೇನೂ ಬೇಡ," ಎಂದಿತು ಒಳಗಿನ ದನಿ. "ಮಾರೋಕಲ್ಲ," ಎಂದ ಕೋಸ್ತಿಕಾ. "ಹಂಗೇ ಹೇಳ್ತಾರೆ ಎಲ್ರೂ," ಎಂದಿತು ದನಿ. ಮೂರನೆಯ ಅಂತಸ್ತಿನಲ್ಲಿ ಒಬ್ಬಾಕೆ ತನಗೆ ಅಕ್ರೋಟು ಆಗುವುದಿಲ್ಲ, ಮೈಯೆಲ್ಲ ಗಂಧೆ ಏಳುತ್ತದೆ ಎಂದು ತೋಳು ತೋರಿಸಿದಳು. ಪಕ್ಕದ ಶಾಲಾ ಮೇಷ್ಟ್ರು ದಂಪತಿ, "ಎಂಥ ಒಳ್ಳೆ ಮನಸ್ಸು, ಎಷ್ಟಾಯ್ತು ಇದಕ್ಕೆ?" ಎಂದು ಕೇಳಿ, ಏನೂ ಇಲ್ಲವೆಂದಾಗ ಸಂಕಟಪಟ್ಟರು. ಉಪಕಾರ, ಉಪಕಾರ ಎಂದು ಎಲ್ಲರೂ ಅಂದರು. ಮನ್ನಿಸಲಿ ಎಂದು ಯಾರೂ ಅನ್ನಲಿಲ್ಲ. ಅದನ್ನು ಪ್ರತಿ ಬಾಗಿಲಿನಲ್ಲೂ ಕೋಸ್ತಿಕಾನೇ ಸಣ್ಣ ದನಿಯಲ್ಲಿ ಹೇಳಿದ.

ಕಡೆಯದು ಎರ್ಸಿಲಿಯಾಳ ಬಾಗಿಲು.

"ಇದೇನಾ ನಿನ್ನೆಯ ಬೇಕರಿ?" ಎಂದಳಾಕೆ. ಬಗ್ಗಿ ಬ್ರೆಡ್ಡು ನೋಡಿದಳು. ಅದು ಕಪ್ಪಾದ ಬ್ರೆಡ್ಡು. ಕಡೆಗೆ ಅದೇ ಕೈಗೆ ಸಿಕ್ಕಿತ್ತು. "ಯಾಕೆ ಬತ್ತಿ?"

"ನನ್ನ ಅಮ್ಮ. ಒಂದು ವರ್ಷ ಮುಂಚೆ..." ಸಾಂದಾಳಿಗೆ ಶಬ್ದ ಸಿಗಲಿಲ್ಲ. ಬಟ್ಟಲು ಹಿಡಿಯದ ಕೈಯನ್ನು ನೆಲದ ಕಡೆ ತೋರಿಸಿದಳು, ಕೆಳಗೆ ಎಂಬಂತೆ. "ನಾನು ಹೋಗಲಿಲ್ಲ."

ಎರ್ಸಿಲಿಯಾ ಉಪಕಾರ ಎನ್ನಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬತ್ತಿ ಆರದಂತೆ ನಿಧಾನ ತಿರುಗಿ, ಕಾಲಿನಿಂದ ಬಾಗಿಲು ಮುಚ್ಚಿಕೊಂಡಳು.

ಹನ್ನೆರಡರಲ್ಲಿ ಎಂಟು ಹೋಗಿದ್ದವು. ನಾಲ್ಕು ತಟ್ಟೆಯಲ್ಲೇ ಮೇಲೆ ಬಂದವು.

"ನಾಳೆ ಚರ್ಚಿನ ಬಾಗಿಲಲ್ಲಿ ಕೊಟ್ರಾಯ್ತು," ಎಂದ ಕೋಸ್ತಿಕಾ.

"ಶನಿವಾರದ್ದು ಭಾನುವಾರ ಕೊಡ್ತಾರಾ? ತಣ್ಣಗಾದ ಕಾಫಿನಾ ಇದು ಬಿಸಿ ಮಾಡಿ ಕೊಡೋಕೆ?" ಎಂದಳು ಸಾಂದಾ. ಆದರೂ ಎಂಟು ಎಂದರೆ ಎಂಟು. ನಿನ್ನೆಯ ಹಿಟ್ಟು ನೆನೆಸಿಕೊಂಡರೆ ಎಂಟು ಕಡಿಮೆಯೇನಲ್ಲ ಎಂದುಕೊಂಡಳು.

*

ಮೂರು ಗಂಟೆಗೆ ಕರೆಗಂಟೆ ಬಾರಿಸಿತು. ಓದುವ ಹುಡುಗ. ಕೈಯಲ್ಲಿ ಬಟ್ಟಲು, ಫಳಫಳ ತೊಳೆದದ್ದು. ಒಳಗೆ ಎರಡು ಚಾಕಲೇಟು.

"ತುಂಬ ಚೆನ್ನಾಗಿತ್ತು," ಎಂದ.

"ಬಟ್ಟಲು ನಿಮ್ಮದು," ಎಂದಳು ಸಾಂದಾ.

"ಅಯ್ಯೋ ಇಲ್ಲ, ನಿಮ್ಮದೇ. ನೀವೇ ಕೊಟ್ರಲ್ಲ ಬೆಳಿಗ್ಗೆ."

"ಹೌದು. ಕೊಟ್ಟೆ. ಅದಕ್ಕೆ ನಿಮ್ಮದು."

ಹುಡುಗನಿಗೆ ಅದು ಉಪಚಾರದ ಮಾತಾಗಿ ಕೇಳಿತು. ನಕ್ಕು, ಬಟ್ಟಲನ್ನು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು, ಮೆಟ್ಟಿಲನ್ನು ಎರಡೆರಡಾಗಿ ಇಳಿದುಹೋದ. ಅವನನ್ನು ಹೆತ್ತವಳು ಚೆನ್ನಾಗಿ ಬೆಳೆಸಿದ್ದಳು; ಪರರ ಪಾತ್ರೆ ಕೊಳಕಾಗಿ ಕೊಡಬಾರದು, ಬರಿದಾಗಿ ಕೊಡಬಾರದು ಎಂದು ಕಲಿಸಿದ್ದಳು. ಕಟ್ಟಡದ ಉಳಿದವರಿಗೂ ಅವರವರ ತಾಯಂದಿರು ಅದನ್ನೇ ಕಲಿಸಿದ್ದರು. ಮೂರೂವರೆಗೆ ಎರಡನೆಯ ಅಂತಸ್ತಿನಿಂದ ಒಂದು, ಒಳಗೆ ಕಿತ್ತಳೆ. ನಾಲ್ಕಕ್ಕೆ ನಾಯಿ ಸಾಕಿದವನದು, ಜಾಮಿನ ಸೀಸೆಯೊಂದಿಗೆ. ಯಾರೋ ಒಬ್ಬರು ಬಾರಿಸದೆಯೇ ಬಾಗಿಲ ಮುಂದೆ ಇಟ್ಟುಹೋಗಿದ್ದರು. ಐದರ ಒಳಗೆ ಏಳು ಬಟ್ಟಲು ಮೇಜಿನ ಮೇಲೆ ಬಂದು ಕೂತವು. ಮೇಷ್ಟ್ರ ಬಟ್ಟಲಿನಲ್ಲಿ ಮಡಿಸಿದ ಐದು ಯೂರೋ ನೋಟಿತ್ತು.

ಸಾಂದಾ ಆ ನೋಟು ಹಿಡಿದು ಮೂರನೆಯ ಅಂತಸ್ತಿಗೆ ಇಳಿದು ಹೋದಳು. ಮೇಷ್ಟ್ರ ಹೆಂಡತಿ ಅವಳ ಬೆರಳುಗಳನ್ನು ನೋಟಿನ ಮೇಲೇ ಮಡಚಿ, "ಈಗ ಎಲ್ಲ ತುಟ್ಟಿ ಸಿನ್ಯೋರಾ, ನಮಗೆ ಗೊತ್ತಾಗಲ್ವಾ? ಇಷ್ಟೆಲ್ಲ ನೀವ್ಯಾಕೆ ಪುಕ್ಕಟೆ ಕೊಡ್ಬೇಕು?" ಎಂದು ಬಲು ಮೆತ್ತಗೆ ಹೇಳಿದಳು. ಸಾಂದಾ ನೋಟಿನೊಂದಿಗೇ ಹತ್ತಿ ಬಂದಳು.

ಕೋಸ್ತಿಕಾ ಸಾರು ಕುಡಿಯುತ್ತಿದ್ದ, ಪಾತ್ರೆಯಿಂದಲೇ. ಮನೆಯಲ್ಲಿ ತಮ್ಮದೆಂದು ಇದ್ದದ್ದು ಮೂರು ತಟ್ಟೆ, ಒಂದೂ ಬಟ್ಟಲಿಲ್ಲ.

"ಮೂರು ಇಪ್ಪತ್ತು ಕೊಟ್ವಿ, ಐದು ಬಂತು," ಎಂದ ನೋಟು ನೋಡಿ. "ನಿಮ್ಮಮ್ಮ ವ್ಯಾಪಾರದಲ್ಲಿ ನಮ್ಮಿಬ್ಬರಿಗಿಂತ ಜಾಣೆ."

ಸಾಂದಾ ನಗಲಿಲ್ಲ. ಅವನು ಒಂದು ಬಟ್ಟಲಿನ ಕಡೆ ಕೈ ಚಾಚಿದ.

"ಮುಟ್ಟಿದ್ರೆ ನೋಡು."

"ಸುಮ್ನೆ ಕೂತಿವೆ, ನಾನು ಪಾತ್ರೆಯಿಂದ ಕುಡೀತಿದೀನಿ. ಅದಕ್ಕೆ ಕೇಳಿದೆ."

"ಅದು ಅವಳದು, ಕೋಸ್ತಿಕಾ. ಅವಳ ಕೈಯಿಂದ ಕಿತ್ತುಕೊಂಡು ಕುಡೀತೀಯಾ?" ಸಾಂದಾ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. "ಯಾರೂ ಇಟ್ಕೊಳ್ಲಿಲ್ವಲ್ಲ. ಒಬ್ಬರಾದ್ರೂ. ಇಲ್ಲಿ ತಗೊಳ್ಳೋದಕ್ಕೂ ಕಾಸು ಕೊಡ್ಬೇಕು, ಕೊಡೋದಕ್ಕೂ ಕಾಸು ಕೊಡ್ಬೇಕು, ಕೊಟ್ಟ ಮೇಲೆ ಅದನ್ನ ತೊಳೆದು ಮುಖದ ಮುಂದೆ ಇಡ್ತಾರೆ. ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಿ? ಎಲ್ಲ ಒಳ್ಳೆಯವರೇ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಗ್ರಿಪಿನಾ, ಮುಖ ತೋರಿಸುತ್ತ. ಸಾಂದಾ ಎದ್ದು ಮೇಜಿನ ಕಡೆ ಮುಖ ಮಾಡಿ ನಿಂತು, ಹಿಂದೆ ಬರೀ ಗೋಡೆ ಕಾಣುವಂತೆ ಹಿಡಿದಳು.

"ಮನೆ ಒಳಗೆ ಯಾಕೆ ಕೋಟು?"

"ಈಗ ತಾನೆ ಹೊರಗಿಂದ ಬಂದೆ."

"ಆಯ್ತಾ ಎಲ್ಲ? ಹನ್ನೆರಡೂ ಹೋದ್ವಾ?"

"ಹೋದ್ವು."

"ಏನಂದ್ರು ಜನ? ಇಟಲಿಯೋರಿಗೆ ಹಿಡಿಸ್ತಾ?"

"ತುಂಬ ಚೆನ್ನಾಗಿತ್ತು ಅಂದ್ರು."

ಅಗ್ರಿಪಿನಾಳ ಮುಖ ಸಡಿಲವಾಯಿತು. ಎಷ್ಟೋ ತಿಂಗಳ ಮೇಲೆ ಅಕ್ಕ ಹಾಗೆ ನಕ್ಕದ್ದನ್ನು ಸಾಂದಾ ನೋಡಿದಳು. "ಸದ್ಯ. ಇಲ್ಲಿ ಎಲ್ರೂ ಕೇಳ್ತಿದ್ರು, ನಿನ್ನ ತಂಗಿ ಏನು ಮಾಡಿದ್ಲು ಅಂತ. ಬೇಲಿ ಆಚೆ ಹನ್ನೆರಡು ಮನೆಗೆ ಕೊಟ್ಲು ಅಂತ ಹೇಳ್ತೀನಿ. ನಿನ್ನೆ ರಾತ್ರಿ ಅಮ್ಮ ಕನಸಲ್ಲಿ ಬಂದಿದ್ಲು ಕಣೇ. ಮಾತಾಡ್ಲಿಲ್ಲ, ಮೇಜಿನ ಹತ್ರ ಕೂತಿದ್ಲು. ಕಾಯ್ತಿದ್ಲು ಅಂತ ಕಾಣುತ್ತೆ."

ಫೋನಿಟ್ಟು ಸಾಂದಾ ಮೇಜಿನ ಬಳಿ ಬಂದಳು. ಏಳು ಬಟ್ಟಲು ಅಲ್ಲಿದ್ದವು, ಕೊಡದೆ ಉಳಿದ ನಾಲ್ಕು ಇನ್ನೊಂದು ಕಡೆ. ಬರಬೇಕಾದದ್ದು ಕೆಳಗಿನ ಒಂದೇ. ಎಲ್ಲರಿಗಿಂತ ಶಿಸ್ತಿನ ಹೆಂಗಸು. ಬ್ಲೀಚು ಹಾಕಿ ತೊಳೆದೇ ತರುತ್ತಾಳೆ. ಕರೆಗಂಟೆಗಾಗಿ ಕಾಯುವುದು ಬೇಡವೆಂದು ಆಲೂಗಡ್ಡೆ ಹೆಚ್ಚಿ ಓವನ್ನಿಗಿಟ್ಟಳು. ಕೋಸ್ತಿಕಾ ಸ್ನಾನಕ್ಕೆಂದು ಬಾಯ್ಲರು ಹಾಕಿದ್ದು ಅವಳಿಗೆ ಗೊತ್ತಿರಲಿಲ್ಲ.

ಟಪ್.

"ನಾನು ಹೋಗ್ತೀನಿ," ಎಂದ ಕೋಸ್ತಿಕಾ ಕತ್ತಲಲ್ಲಿ, ಬಚ್ಚಲಿನಿಂದ.

"ಮೈಗೆಲ್ಲ ಸೋಪು ಹಚ್ಕೊಂಡು ಎಲ್ಲಿಗೆ ಹೋಗ್ತೀಯ? ಇರು."

ನಾಲ್ಕು ಅಂತಸ್ತು ಇಳಿದಳು. ಎರ್ಸಿಲಿಯಾ ಬಾಗಿಲು ತೆರೆದು, ಏನು ಎತ್ತ ಎಂದು ಕೇಳಲೂ ಇಲ್ಲ.

"ಓವನ್ನಾ, ಬಾಯ್ಲರಾ?"

"ಎರಡೂ."

"ಅಲ್ಲಿದೆ, ತಗೊಳ್ಳಿ."

ಸಾಂದಾ ಅಭ್ಯಾಸದಂತೆ ಮೊಳೆಯ ಕಡೆ ನೋಡಿದಳು. ಮೊಳೆ ಖಾಲಿ. ಅದರ ಕೆಳಗಿನ ಗೂಡಿನಲ್ಲಿ ಅಂಚಿಗೆ ನೀಲಿ ಗೆರೆಯಿದ್ದ ಬಟ್ಟಲು ಕೂತಿತ್ತು; ಅದರೊಳಗೆ ನೆಲಮಾಳಿಗೆಯ ಬೀಗದ ಕೈ, ಒಂದು ರಬ್ಬರ್ ಬ್ಯಾಂಡು, ಅರ್ಧ ಉರಿದ ಮೇಣದ ಬತ್ತಿ.

"ಆ ಮೊಳೆ ಯಾವಾಗಲೋ ಸಡಿಲಾಗಿತ್ತು," ಎಂದಳು ಎರ್ಸಿಲಿಯಾ. "ಬಟ್ಟಲು ತೊಳೆದು ಮೇಲೆ ತಂದುಕೊಡೋಣ ಅಂತಿದ್ದೆ. ನಾಲ್ಕು ಅಂತಸ್ತು, ನನ್ನ ಮಂಡಿ ಒಪ್ಪಲಿಲ್ಲ. ಹೇಗೂ ಬಂದಿದೀರಲ್ಲ, ತಗೊಂಡು ಹೋಗ್ತೀರಾ?"

"ಬೇಡ," ಎಂದಳು ಸಾಂದಾ. ತೀರ ಬೇಗ ಅಂದಳು. "ಇಲ್ಲೇ ಇರಲಿ."

"ಇರಲಿ ಅಂದ್ರೆ ಇರಲಿ. ನನಗೇನು, ಅನುಕೂಲವೇ." ಎರ್ಸಿಲಿಯಾ ಕನ್ನಡಕ ಮೇಲೆ ಸರಿಸಿದಳು. "ಏನು ಹೆಸರು ನಿಮ್ಮಮ್ಮಂದು?"

"ಮರ್ಗಿಯೋಲಾ."

"ಮರ್ಗಿ...?"

"ಮರ್ಗಿಯೋಲಾ."

"ಮರ್ಗಿಯೋಲಾ," ಎಂದಳು ಮುದುಕಿ ಬಟ್ಟಲಿನ ಕಡೆ ನೋಡಿ, ಹೊಸಬರ ಪರಿಚಯ ಮಾಡಿಕೊಳ್ಳುವವಳ ಹಾಗೆ. "ಬ್ರೆಡ್ಡಿನ ತಳ ಸೀದಿತ್ತು. ನಾಳೆ ಓವನ್ ಹಾಕೋವಾಗ ಮೊದಲು ಬಾಯ್ಲರ್ ಆರಿಸಿ."

ಸಾಂದಾ ನೆಲಮಾಳಿಗೆಗೆ ಇಳಿದು, ಸಾಲು ಮೀಟರುಗಳಲ್ಲಿ ತಮ್ಮದನ್ನು ಹುಡುಕಿ ಗುಂಡಿ ಎತ್ತಿದಳು. ಹತ್ತಿ ಬಂದಾಗ ಎರ್ಸಿಲಿಯಾಳ ಬಾಗಿಲು ಓರೆಯಾಗಿ ತೆರೆದೇ ಇತ್ತು, ಒಳಗೆ ಟೀವಿಯ ಸದ್ದು. ಅವಳು ಕೈ ಮಾತ್ರ ಒಳಗೆ ಚಾಚಿ, ಬೀಗದ ಕೈಯನ್ನು ಬಟ್ಟಲಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು, ಬಿಟ್ಟಳು. ಪಿಂಗಾಣಿ ಠಣ್ಣೆಂದಿತು. ಆ ಸದ್ದು ಪೂರ್ತಿ ಅಡಗುವವರೆಗೆ ನಿಂತಿದ್ದು, ಆಮೇಲೆ ಮೆಟ್ಟಿಲು ಹತ್ತತೊಡಗಿದಳು.